ಎದೆನೋವು ಎಷ್ಟೊತ್ತಿಗೆ ಶುರುವಾಯಿತು? ಹೃದಯಾಘಾತದ ಹೊತ್ತಿನಲ್ಲಿ ಮನೆಯವರಿಗೊಂದು ಮಾರ್ಗದರ್ಶಿ

ಎದೆ ಹಿಡಿದುಕೊಂಡು ತುರ್ತು ವಿಭಾಗಕ್ಕೆ ಬಂದವರನ್ನು ಮಂಚದ ಮೇಲೆ ಮಲಗಿಸುತ್ತಲೇ ನಾನು ಕೇಳುವುದು ಒಂದು ಮಾತು: "ಎಷ್ಟೊತ್ತಿಗೆ ಚಾಲೂ ಆತ್ರಿ?" ಜೊತೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಮುಂಜಾನಿಂದ ಅನಸ್ತೈತ್ರಿ" ಎನ್ನುತ್ತಾನೆ ಮಗ. "ಇಲ್ಲಪಾ, ರಾತ್ರಿ ಊಟಾನ ಮಾಡಿಲ್ಲ ಅವರು" ಎನ್ನುತ್ತಾಳೆ ಹೆಂಡತಿ. ಆ ಎರಡು ಉತ್ತರಗಳ ನಡುವೆ ಎಂಟು ತಾಸಿನ ಅಂತರ. ಯಾವ ಇಂಜೆಕ್ಷನ್ ಕೊಡಬೇಕು, ಯಾವ ರಕ್ತಪರೀಕ್ಷೆಯನ್ನು ನಂಬಬೇಕು, ಯಾವ ಊರಿಗೆ ಕಳಿಸಬೇಕು ಎಂಬುದೆಲ್ಲ ಆ ಎಂಟು ತಾಸಿನ ಲೆಕ್ಕದ ಮೇಲೆ ನಿಂತಿರುತ್ತದೆ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಹದಿನಾಲ್ಕು ವರ್ಷದಿಂದ ಶುಶ್ರೂಷಕನಾಗಿ ಕೆಲಸ ಮಾಡುತ್ತಿದ್ದೇನೆ. ಆದರೂ ನಮ್ಮ ಕಾಕಾನಿಗೆ ಹೃದಯಾಘಾತವಾದಾಗ ನನ್ನ ಮನೆಯಲ್ಲೇ ಒಂಬತ್ತು ತಾಸು ಕಳೆದುಹೋದವು. ಜಮಖಂಡಿ ತಾಲ್ಲೂಕಿನಲ್ಲಿ ನಮ್ಮ ಕಬ್ಬಿನ ಹೊಲ. ಆ ವಾರ ಥ್ರೀ ಫೇಸ್ ಕರೆಂಟ್ ರಾತ್ರಿ ಎರಡು ಗಂಟೆಗೆ ಬರುತ್ತಿತ್ತು. ನೀರು ಹಾಯಿಸಲು ಎದ್ದು ಮೋಟಾರು ಚಾಲೂ ಮಾಡಿದ ಕಾಕಾನಿಗೆ ಎದೆಯ ನಡುವೆ ಕಲ್ಲಿಟ್ಟಂತೆ ಆಗಿದೆ, ಅಂಗಿ ತೋಯುವಷ್ಟು ಬೆವರು ಬಂದಿದೆ. ಮನೆಗೆ ಬಂದು ಸೋಡಾ ಕುಡಿದು, ಓಮಿನ ಕಾಳು ತಿಂದು ಮಲಗಿದ್ದಾನೆ. "ಗ್ಯಾಸ್ ಆಗೇತಿ, ಮುಂಜಾನೆ ನೋಡೂಣು" ಎಂದನಂತೆ. ಬೆಳಗ್ಗೆ ಊರಿನಲ್ಲೇ ಒಬ್ಬರ ಹತ್ತಿರ ಪಿತ್ತದ ಇಂಜೆಕ್ಷನ್, ಒಂದು ಬಾಟಲಿ ಸಲೈನ್. ಇಸಿಜಿ ತೆಗೆದಾಗ ಹನ್ನೊಂದು ಗಂಟೆ. ನನಗೆ ಫೋನು ಬಂದದ್ದೂ ಆಗಲೇ. ಕಾಕಾ ಬದುಕಿದ್ದಾನೆ. ಆದರೆ ಹೊಲದ ಬದು ಹತ್ತಿದರೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕು.

ಆ ರಾತ್ರಿ ನಮ್ಮ ಮನೆಯವರಿಗೆ ಏನೇನು ಗೊತ್ತಿರಬೇಕಿತ್ತೋ ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನಾಗುತ್ತದೆ

ಹೃದಯ ಮೈಗೆಲ್ಲ ರಕ್ತ ತಳ್ಳುವ ಸ್ನಾಯು. ಆ ಸ್ನಾಯುವಿಗೂ ರಕ್ತ ಬೇಕು. ಅದನ್ನು ತರಲು ಅದರ ಮೈಮೇಲೆಯೇ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ಅವುಗಳ ಗೋಡೆಯೊಳಗೆ ಕೊಬ್ಬು ಸೇರಿ ಗಂಟಾಗಿರುತ್ತದೆ. ಒಂದು ದಿನ ಆ ಗಂಟಿನ ಮೇಲ್ಪದರ ಹರಿಯುತ್ತದೆ. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷದಲ್ಲಿ ದಾರಿ ಮುಚ್ಚುತ್ತದೆ. ಹೊಲಕ್ಕೆ ಡ್ರಿಪ್ ನೀರಾವರಿ ಹಾಕಿದವರಿಗೆ ಇದು ಬೇಗ ತಿಳಿಯುತ್ತದೆ: ಸಾಲಿಗೆ ನೀರು ಒಯ್ಯುವ ಒಂದು ಸಣ್ಣ ಪೈಪು (ಲ್ಯಾಟರಲ್) ಕಟ್ಟಿಕೊಂಡರೆ ಆ ಸಾಲಿನ ಗಿಡಗಳಷ್ಟೇ ಬಾಡುತ್ತವೆ, ಪಕ್ಕದ ಸಾಲು ಹಸಿರಾಗಿಯೇ ಇರುತ್ತದೆ. ಬೇಗ ನೀರು ಬಿಟ್ಟರೆ ಬಾಡಿದ್ದು ಚಿಗುರುತ್ತದೆ, ತಡವಾದರೆ ಒಣಗಿಹೋಗುತ್ತದೆ.

ಹೃದಯದ ಸ್ನಾಯುವಿಗೆ ಈ ಗಡುವು ಬಹಳ ಸಣ್ಣದು. ನಾಳ ಪೂರ್ತಿ ಮುಚ್ಚಿದ ಸುಮಾರು 20 ರಿಂದ 30 ನಿಮಿಷದಲ್ಲಿ ಜೀವಕೋಶಗಳು ಸಾಯಲು ಶುರುವಾಗುತ್ತವೆ. ಆರು ತಾಸಾಗುವಷ್ಟರಲ್ಲಿ ಆ ಭಾಗದ ಬಹುಪಾಲು ಹೋಗಿರುತ್ತದೆ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ, ಅಲ್ಲಿ ಗಾಯದ ಕಲೆ ಉಳಿಯುತ್ತದೆ.

ಇನ್ನೊಂದು ಮಾತು. ಹರಿಯುವ ಗಂಟು ದೊಡ್ಡದೇ ಇರಬೇಕೆಂದಿಲ್ಲ. ನಾಳವನ್ನು ಅರ್ಧದಷ್ಟೂ ಮುಚ್ಚಿರದ ಗಂಟು ಕೂಡ ಹರಿಯಬಹುದು. "ಹೋದ ತಿಂಗಳ ಚೆಕಪ್ ಮಾಡಿಸೇವಿ, ಎಲ್ಲಾ ನಾರ್ಮಲ್ ಬಂದೈತಿ" ಎಂಬ ಧೈರ್ಯದ ಮೇಲೆ ಇವತ್ತಿನ ಎದೆನೋವನ್ನು ತಳ್ಳಿಹಾಕಬೇಡಿ.

ಹೆಜ್ಜೆ ಒಂದು: ಗುರುತು ಹಿಡಿಯಿರಿ, ಗಡಿಯಾರ ನೋಡಿ

ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ, ಭಾರ ಹೇರಿದಂತೆ ಆಗುವುದು ಸಾಮಾನ್ಯ ಲಕ್ಷಣ. ಅದು ಎಡಗೈಗೆ, ಎರಡೂ ಭುಜಕ್ಕೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹಬ್ಬಬಹುದು. ಜೊತೆಗೆ ತಣ್ಣನೆಯ ಬೆವರು, ವಾಕರಿಕೆ, ದಮ್ಮು, ಕಣ್ಣಿಗೆ ಕತ್ತಲೆ. ನಮ್ಮ ಕಡೆ ಜನ ಇದನ್ನೇ "ಎದಿ ಹಿಡದಂಗ ಆಗೇತಿ", "ಜೀವ ಘಾಬರಿ ಆಗಾಕತ್ತೈತಿ" ಎನ್ನುತ್ತಾರೆ. ಬಾಗಿಲಲ್ಲಿ ಯಾರಾದರೂ "ಜೀವ ಘಾಬರಿ" ಎಂದರೆ ಇಸಿಜಿ ತೆಗೆಯುವ ತನಕ ನಾನು ಅದನ್ನು ಬರೀ ಹೆದರಿಕೆ ಎಂದುಕೊಳ್ಳುವುದಿಲ್ಲ.

ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಎಲ್ಲರೂ ಬೆವರುತ್ತಾರೆ ನಿಜ. ಆದರೆ ನೆರಳಲ್ಲಿ ಕುಳಿತರೂ ನಿಲ್ಲದ, ಮೈ ಮುಟ್ಟಿದರೆ ತಣ್ಣಗಿರುವ ಬೆವರು ಬೇರೆ. ಅದನ್ನು ಸೆಕೆಯ ಲೆಕ್ಕಕ್ಕೆ ಹಾಕಬೇಡಿ.

ಸಕ್ಕರೆ ಕಾಯಿಲೆ ಹಳೆಯದಾದರೆ ನರಗಳು ಮಂದವಾಗಿ ನೋವೇ ತಿಳಿಯದಿರಬಹುದು. ಏಕಾಏಕಿ ದಮ್ಮು, ವಿಪರೀತ ಸುಸ್ತು, ವಾಂತಿ, ಇಷ್ಟರಲ್ಲೇ ಹೃದಯಾಘಾತ ಬಂದು ಹೋಗುವುದುಂಟು. ಹೆಂಗಸರಲ್ಲೂ ಹೀಗಾಗುವುದು ಹೆಚ್ಚು. "ಅವ್ವಗ ಬೆನ್ನ ನೋವ, ರೊಟ್ಟಿ ಬಡದು ಬಡದು ಹಂಗಾಗೇತಿ" ಎಂದು ಎರಡು ದಿನ ಮುಲಾಮು ಹಚ್ಚಿ, ಮೂರನೆಯ ದಿನ ಕರೆತಂದವರನ್ನು ನೋಡಿದ್ದೇನೆ. ಅವ್ವಂದಿರು ತಾವಾಗಿ ಹೇಳುವುದಿಲ್ಲ. ಕೇಳಬೇಕಾದವರು ನಾವು.

ನೋವು ಹತ್ತು–ಹದಿನೈದು ನಿಮಿಷವಾದರೂ ಇಳಿಯದಿದ್ದರೆ, ಅಥವಾ ಬೆವರು, ದಮ್ಮು ಜೊತೆಗಿದ್ದರೆ ಒಂದು ನಿಮಿಷವೂ ಕಾಯದೆ ಹೊರಡಲು ಸಿದ್ಧರಾಗಿ. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ. ಇಸಿಜಿ ಇಲ್ಲದೆ ವೈದ್ಯರಿಗೂ ಆಗುವುದಿಲ್ಲ. ಸೋಡಾ ಕುಡಿದಾಗ ತೇಗು ಬಂದು ಸ್ವಲ್ಪ ಹಗುರಾದರೂ ಅದು ಗ್ಯಾಸ್ ಎಂಬುದಕ್ಕೆ ಸಾಕ್ಷಿಯಲ್ಲ.

ಗಡಿಯಾರ ನೋಡಿ ಸಮಯ ಬರೆದಿಡಿ. ನೋಡಿರದಿದ್ದರೆ ದಿನದ ಘಟನೆಗೆ ಗಂಟು ಹಾಕಿ ನೆನಪಿಸಿಕೊಳ್ಳಿ: ಡೇರಿಗೆ ಹಾಲು ಹಾಕಿ ಬಂದ ಮೇಲೋ ಮೊದಲೋ, ಮೊದಲ ಬಸ್ಸು ಹೋಗಿತ್ತೋ ಇಲ್ಲವೋ, ಮಸೀದಿಯ ಬಾಂಗ್ ಕೇಳಿತ್ತೋ. ಕಾಕಾನ ವಿಷಯದಲ್ಲಿ ಎಲ್ಲರೂ "ಮುಂಜಾನಿಂದ" ಎನ್ನುತ್ತಿದ್ದಾಗ ಕಾಕೂ ಒಬ್ಬಳೇ "ಕರೆಂಟ್ ಬಂದಾಗಿಂದರಿ" ಎಂದಳು. ಎರಡು ಗಂಟೆ ಎಂದು ಗೊತ್ತಾದದ್ದು ಅವಳ ಆ ಮಾತಿನಿಂದ.

ಹೆಜ್ಜೆ ಎರಡು: ಕೂರಿಸಿ, 108ಕ್ಕೆ ಫೋನು ಮಾಡಿ

ರೋಗಿಯನ್ನು ಗೋಡೆಗೋ ದಿಂಬಿಗೋ ಒರಗಿಸಿ ಕೂರಿಸಿ. ನಡೆಸಬೇಡಿ, ಮೆಟ್ಟಿಲು ಇಳಿಸುವಾಗ ಕುರ್ಚಿಯಲ್ಲಿ ಹೊತ್ತು ಇಳಿಸಿ. 108 ಆರೋಗ್ಯ ಕವಚ 2008ರಿಂದ ರಾಜ್ಯದಲ್ಲಿದೆ, ದುಡ್ಡು ಕೊಡಬೇಕಿಲ್ಲ. ತೋಟದ ಮನೆಯಾದರೆ ಗುರುತು ಸರಿಯಾಗಿ ಹೇಳಿ: ಯಾವ ಕೆನಾಲ್ ದಾಟಬೇಕು, ಯಾವ ಗುಡಿಯ ಹತ್ತಿರ ತಿರುಗಬೇಕು. ಒಬ್ಬರನ್ನು ಬೈಕ್ ಕೊಟ್ಟು ಡಾಂಬರು ರಸ್ತೆಗೆ ಕಳಿಸಿ, ಆಂಬುಲೆನ್ಸ್ ಬಂದೊಡನೆ ಮುಂದೆ ಹೋಗಿ ದಾರಿ ತೋರಿಸಲಿ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರಾಲಿಯ ಟ್ರ್ಯಾಕ್ಟರುಗಳು ಸಾಲುಗಟ್ಟಿ ರಸ್ತೆ ಹಿಡಿದಿರುತ್ತವೆ. ಆಗ ಹಾಗೆ ಮುಂದೆ ಹೋಗುವ ಒಬ್ಬನಿಂದ ಉಳಿಯುವ ಹದಿನೈದು ನಿಮಿಷ ದೊಡ್ಡದು.

ಆಂಬುಲೆನ್ಸ್ ಬಹಳ ತಡ ಎಂದರೆ ಊರಿನ ಕಾರು, ಜೀಪು ಹಿಡಿಯಿರಿ. ಬೈಕಿನಲ್ಲಿ ಇಬ್ಬರ ನಡುವೆ ರೋಗಿಯನ್ನು ಕೂರಿಸಿ ಒಯ್ಯಬೇಡಿ. ರೋಗಿಯೇ ಗಾಡಿ ಓಡಿಸುವುದಂತೂ ಬೇಡವೇ ಬೇಡ.

ಮಾತ್ರೆಯ ವಿಷಯ. ಆಸ್ಪಿರಿನ್ ಸುಮಾರು 300 ಮಿಲಿಗ್ರಾಂ ಅಗಿದು ನುಂಗಿಸಿದರೆ ಹೆಪ್ಪು ಇನ್ನಷ್ಟು ಬೆಳೆಯುವುದನ್ನು ತಡೆಯುತ್ತದೆ. ಮನೆಯಲ್ಲಿ ಹಿರಿಯರಿಗೆಂದು ತಂದಿಟ್ಟ ಇಕೋಸ್ಪ್ರಿನ್ 75 ಇದ್ದರೆ ನಾಲ್ಕು ಮಾತ್ರೆ. ಅದರ ಮೇಲೆ ಲೇಪನ ಇರುವುದರಿಂದ ಇಡಿಯಾಗಿ ನುಂಗಿದರೆ ಕರಗಲು ತಡವಾಗುತ್ತದೆ, ಅಗಿಯಲೇಬೇಕು. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ರಕ್ತವಾಂತಿ ಅಥವಾ ಡಾಂಬರಿನಂತೆ ಕಪ್ಪು ಸಂಡಾಸು ಆಗುತ್ತಿರುವವರಿಗೆ, ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದಿರುವವರಿಗೆ ಕೊಡಬಾರದು. ಸಂಶಯವಿದ್ದರೆ 108ರವರನ್ನೋ ಪರಿಚಯದ ವೈದ್ಯರನ್ನೋ ಫೋನಿನಲ್ಲೇ ಕೇಳಿ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಬೇರೆ ಮಾತು. ಅದು ಬಿಪಿಯನ್ನು ಧಡ್ಡನೆ ಇಳಿಸಬಲ್ಲದು. ವೈದ್ಯರು ಆ ರೋಗಿಗೆಂದೇ ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕೂರಿಸಿಯೇ ಕೊಡಬೇಕು. ನೆರೆಮನೆಯವರ ಡಬ್ಬಿಯಿಂದ ತಂದು ಇಡಬೇಡಿ.

"ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ" ಎಂದು ಮೊಬೈಲಿನಲ್ಲಿ ಓಡಾಡುವ ಮಾತನ್ನು ನಂಬಬೇಡಿ. ಕೆಮ್ಮಿದರೆ ಕಟ್ಟಿಕೊಂಡ ನಾಳ ತೆರೆಯುವುದಿಲ್ಲ.

ದಾರಿಯಲ್ಲಿ ರೋಗಿ ಕುಸಿದು, ಕರೆದರೆ ಓಗೊಡದೆ, ಉಸಿರೂ ನಿಂತರೆ ಅದು ಹೃದಯಸ್ತಂಭನ. ಹೃದಯಾಘಾತವೆಂದರೆ ನಾಳ ಕಟ್ಟಿಕೊಂಡದ್ದು. ಹೃದಯಸ್ತಂಭನವೆಂದರೆ ಬಡಿತವೇ ನಿಂತದ್ದು. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು. ಗಾಡಿ ನಿಲ್ಲಿಸಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈ ಮೇಲೆ ಇನ್ನೊಂದು ಇಟ್ಟು ಜೋರಾಗಿ ಒತ್ತಿ. ಆಳ 5–6 ಸೆಂಟಿಮೀಟರ್, ನಿಮಿಷಕ್ಕೆ 100 ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ದಣಿದರೆ ಇನ್ನೊಬ್ಬರು ಕೈಹಾಕಲಿ, ಸಹಾಯ ಬರುವ ತನಕ ನಿಲ್ಲಿಸಬೇಡಿ.

ಹೆಜ್ಜೆ ಮೂರು: ಮೊದಲು ಇಸಿಜಿ, ಆಮೇಲೆ ದೊಡ್ಡ ಊರು

ಅಥಣಿ ಕಡೆಯವರಿಗೆ ಎದೆನೋವು ಎಂದರೆ ಮಿರಜ್, ಸಾಂಗ್ಲಿ. ಇಂಡಿಯವರಿಗೆ ಸೊಲ್ಲಾಪುರ. ಗೋಕಾಕ, ಬೈಲಹೊಂಗಲದವರು ನೇರವಾಗಿ ಬೆಳಗಾವಿಗೆ ಹೊರಡುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗಬೇಕೆನ್ನುವುದು ತಪ್ಪಲ್ಲ. ಬೆಳಗಾವಿಯ ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ ಇವೆಲ್ಲ ನಮ್ಮ ಜನ ನಂಬಿ ಹೋಗುವ ಜಾಗಗಳು. ತಪ್ಪು ಆಗುವುದು ದಾರಿಯಲ್ಲಿ ಸಿಗುವ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗುವಾಗ. ಅಲ್ಲಿ ಹತ್ತು ನಿಮಿಷದಲ್ಲಿ ಇಸಿಜಿ ಆಗುತ್ತದೆ. ನಾಳ ಪೂರ್ತಿ ಮುಚ್ಚಿದೆ ಎಂದು ಅದರಲ್ಲಿ ಕಂಡರೆ, ಎರಡು ತಾಸಿನೊಳಗೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕುವಲ್ಲಿಗೆ ತಲುಪಿ ನಾಳ ತೆರೆಸಲು ಸಾಧ್ಯವೇ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಆಗದಿದ್ದರೆ ಅಲ್ಲಿಯೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುತ್ತಾರೆ.

ಇದಕ್ಕೆಂದೇ ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಅವರು ಹೋದ ದಿನ ನಮ್ಮ ಆಸ್ಪತ್ರೆಗೆ ಇಸಿಜಿ ಮಾಡಿಸಲು ಹುಡುಗರು ಸಾಲುಗಟ್ಟಿ ಬಂದಿದ್ದರು. ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ದೊಡ್ಡ ಆಸ್ಪತ್ರೆಯ ತಜ್ಞರ ಕೈಗೆ ಕೂಡಲೇ ಹೋಗುತ್ತದೆ, ಅವರು ಹೇಳಿದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಲ್ಲಿಯೇ ಉಚಿತವಾಗಿ ಸಿಗುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಆರಾಮ ಇರುವಾಗಲೇ ಹೋಗಿ ಕೇಳಿಟ್ಟುಕೊಳ್ಳಿ.

ಮೊದಲ ಇಸಿಜಿ ನಾರ್ಮಲ್ ಬಂತೆಂದು ಎದ್ದು ಹೊರಡಬೇಡಿ. ನೋವು ಇನ್ನೂ ಇದ್ದರೆ ಅರ್ಧ ತಾಸಿನೊಳಗೆ ಇನ್ನೊಮ್ಮೆ ತೆಗೆಯಬೇಕಾಗುತ್ತದೆ. ಎರಡನೆಯದರಲ್ಲಿ, ಮೂರನೆಯದರಲ್ಲಿ ಬದಲಾವಣೆ ಕಂಡವರು ಎಷ್ಟೋ ಜನ. "ಇನ್ನೊಮ್ಮೆ ತಗೀರಿ ಸರ್" ಎಂದು ಕೇಳಲು ಸಂಕೋಚ ಬೇಡ. ಹಾಗೆಯೇ ಇಸಿಜಿಯ ಕಾಗದ ಬಿಸಿಗೆ ಮೂಡುವ ಬಗೆಯದು, ಕೆಲ ತಿಂಗಳಲ್ಲಿ ಗೆರೆ ಮಾಸಿಹೋಗುತ್ತವೆ. ಮೊಬೈಲಿನಲ್ಲಿ ಫೋಟೋ ತೆಗೆದು, ಝೆರಾಕ್ಸ್ ಮಾಡಿಸಿಡಿ. ಮುಂದೆ ಹೊಸ ಇಸಿಜಿ ಪಕ್ಕದಲ್ಲಿ ಹಳೆಯದನ್ನು ಇಟ್ಟು ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ.

ಟ್ರೋಪೊನಿನ್ ಎಂಬ ಚೀಟಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಯವರು ಅತಿ ಹೆಚ್ಚು ಗೊಂದಲಕ್ಕೆ ಬೀಳುವುದು ಈ ರಿಪೋರ್ಟಿನಲ್ಲಿ.

ಟ್ರೋಪೊನಿನ್ ಹೃದಯಸ್ನಾಯುವಿನೊಳಗೆ ಇರುವ ಒಂದು ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದರೆ ಅದು ಸೋರಿ ರಕ್ತಕ್ಕೆ ಬರುತ್ತದೆ. ಬರಲು ಹೊತ್ತು ಬೇಕು: ಸಾಮಾನ್ಯ ಪರೀಕ್ಷೆಗಳಲ್ಲಿ ನೋವು ಶುರುವಾದ ಮೂರರಿಂದ ಆರು ತಾಸಿನ ಮೇಲೆ ಕಾಣುತ್ತದೆ, ಹೊಸ ಸೂಕ್ಷ್ಮ ಪರೀಕ್ಷೆಗಳಲ್ಲಿ ಇನ್ನೂ ಬೇಗ. ನೋವು ಶುರುವಾದ ಒಂದೇ ತಾಸಿಗೆ ಮಾಡಿಸಿದ "ನೆಗೆಟಿವ್" ನೋಡಿ ಮನೆಗೆ ಹೋಗುವುದು ಅಪಾಯ. ಕೆಲವು ತಾಸಿನ ಮೇಲೆ ಮತ್ತೆ ಮಾಡಬೇಕು. ಇಲ್ಲಿಯೂ ಶುರುವಾದ ಗಂಟೆ ಗೊತ್ತಿಲ್ಲದಿದ್ದರೆ ರಿಪೋರ್ಟಿನ ಅರ್ಥವೇ ಬದಲಾಗುತ್ತದೆ. ಇನ್ನೊಂದು ಕಡೆ, ಇಸಿಜಿಯಲ್ಲಿ ದೊಡ್ಡ ಆಘಾತ ಎದ್ದು ಕಾಣುತ್ತಿದ್ದರೆ ಟ್ರೋಪೊನಿನ್ ರಿಪೋರ್ಟಿಗೆ ಕಾಯುತ್ತಾ ಕೂರುವಂತಿಲ್ಲ, ಚಿಕಿತ್ಸೆ ಮೊದಲು.

ಅಂಕಿಗಳನ್ನು ಹೋಲಿಸುವಾಗ ಅಳತೆ ನೋಡಿ. ಒಂದು ಲ್ಯಾಬ್ ಒಂದು ಮಿಲಿಲೀಟರಿಗೆ 0.04 ನ್ಯಾನೋಗ್ರಾಂ ಎಂದು ಬರೆದರೆ, ಇನ್ನೊಂದು ಅದನ್ನೇ ಲೀಟರಿಗೆ 40 ನ್ಯಾನೋಗ್ರಾಂ ಎಂದು ಬರೆಯುತ್ತದೆ. ಎರಡೂ ಒಂದೇ. "ಬಾಗಲಕೋಟ್ಯಾಗ ಸೊನ್ನಿ ಚಿಲ್ರಿ ಇತ್ತು, ಬೆಳಗಾವ್ಯಾಗ ನಲವತ್ತ ಆಗೇತಿ" ಎಂದು ಅತ್ತ ಮಗಳೊಬ್ಬಳನ್ನು ಕೂರಿಸಿ ಇದನ್ನು ವಿವರಿಸಿದ್ದೇನೆ.

ಟ್ರೋಪೊನಿನ್ ಏರಿದೆ ಎಂದರೆ ಹೃದಯಸ್ನಾಯುವಿಗೆ ಪೆಟ್ಟಾಗಿದೆ ಎಂದಷ್ಟೇ ಅರ್ಥ. ಪೆಟ್ಟು ಯಾಕೆ ಆಯಿತು ಎಂಬುದನ್ನು ಅದು ಹೇಳುವುದಿಲ್ಲ. ನಾಳ ಕಟ್ಟಿಕೊಂಡು ಪೆಟ್ಟಾದರೆ ಹೃದಯಾಘಾತ. ನಾಳ ಸರಿ ಇದ್ದೂ ವಿಪರೀತ ರಕ್ತಹೀನತೆ, ಅತಿ ವೇಗದ ಬಡಿತ, ಮೈಯೆಲ್ಲ ಹಬ್ಬಿದ ಸೋಂಕು, ಶ್ವಾಸಕೋಶದ ನಾಳದಲ್ಲಿ ಹೆಪ್ಪು, ಡೆಂಗಿಯಂಥ ವೈರಸ್ ಜ್ವರದಲ್ಲಿ ಬರುವ ಹೃದಯಸ್ನಾಯುವಿನ ಉರಿಯೂತ, ಇವುಗಳಲ್ಲೂ ಏರುತ್ತದೆ. ಮೂತ್ರಪಿಂಡ ಸೋತವರಲ್ಲಿ ಯಾವಾಗಲೂ ಸ್ವಲ್ಪ ಏರಿಯೇ ಇರಬಹುದು. ಹಾಗಾಗಿ ವೈದ್ಯರು ಒಂದು ಅಂಕಿಗಿಂತ ಎರಡು ಪರೀಕ್ಷೆಗಳ ನಡುವಿನ ಏರಿಳಿತವನ್ನು ನೋಡುತ್ತಾರೆ.

ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ: ಕೆಂಪು ಚೇಳು. ಕಣಕಿಯ ಬಣವೆ, ಕುಳ್ಳಿನ ರಾಶಿ, ಕಲ್ಲಿನ ಗೋಡೆಯ ಸಂದಿ ಇದರ ಮನೆ. ಇದರ ವಿಷ ಮೈಯಲ್ಲಿ ಅಡ್ರಿನಲಿನ್ ಪ್ರವಾಹವನ್ನೇ ಹರಿಸಿ ರಕ್ತನಾಳಗಳನ್ನು ಬಿಗಿಯುತ್ತದೆ, ಹೃದಯಸ್ನಾಯುವಿಗೆ ನೇರ ಪೆಟ್ಟು ಬೀಳುತ್ತದೆ. ಚೇಳು ಕಡಿದ ಮಗುವಿಗೆ ಮೈ ಬೆವರಿ, ಕೈಕಾಲು ತಣ್ಣಗಾಗಿ, ಉಸಿರು ಮೇಲೆ ಮೇಲೆ ಬಂದರೆ, ಕೆಮ್ಮಿದಾಗ ನೊರೆ ಬಂದರೆ, ಮಂತ್ರ ಹಾಕಿಸುತ್ತಾ ಕೂರುವ ಸಮಯ ಅಲ್ಲ. ಮಹಾರಾಷ್ಟ್ರದ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಝೋಸಿನ್ ಎಂಬ ಸಾಧಾರಣ ಬಿಪಿ ಮಾತ್ರೆಯಿಂದ ಈ ಸಾವುಗಳನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಮಾತ್ರೆಯನ್ನು ವೈದ್ಯರ ಕಣ್ಣೆದುರಿಗೇ ಕೊಡಬೇಕು. ನಿಮ್ಮ ಕೆಲಸ ಬೇಗ ಆಸ್ಪತ್ರೆಗೆ ತರುವುದು, ಕಡಿದ ಗಂಟೆ ಹೇಳುವುದು.

ಹೆಜ್ಜೆ ನಾಲ್ಕು: ಸಹಿ ಹಾಕುವ ಹೊತ್ತು

ಇಂಜೆಕ್ಷನ್ ಕೊಡುವ ಮೊದಲು ವೈದ್ಯರು ಒಪ್ಪಿಗೆ ಕೇಳುತ್ತಾರೆ. ಇಲ್ಲಿ ಕಳೆಯುವ ಸಮಯ ನನಗೆ ಬಹಳ ಸಂಕಟ ಕೊಡುತ್ತದೆ. "ಅಣ್ಣ ಪುಣೇದಾಗ ಅದಾನ್ರಿ, ಅವಗ ಕೇಳಿ ಹೇಳ್ತೀವಿ." ಅಣ್ಣ ಫೋನು ಎತ್ತುವುದಿಲ್ಲ. ಮಾವನಿಗೆ ಮಾಡುತ್ತಾರೆ, ಮಾವ ಪರಿಚಯದ ಕಂಪೌಂಡರಿಗೆ ಮಾಡುತ್ತಾನೆ. ನಲವತ್ತು ನಿಮಿಷ. ಮನೆಯಲ್ಲಿ ಯಾರು ತೀರ್ಮಾನಿಸಬೇಕು ಎಂದು ಆರಾಮ ಇರುವಾಗಲೇ ಮಾತಾಡಿಟ್ಟುಕೊಳ್ಳಿ. ಹತ್ತಿರ ಇರುವವರೇ ಸಹಿ ಹಾಕಲಿ, ದೂರದವರಿಗೆ ಆಮೇಲೆ ಹೇಳೋಣ.

ಸಹಿಗಿಂತ ಮೊದಲು ಇವನ್ನು ಮುಚ್ಚಿಡದೆ ಹೇಳಿ: ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತೇ, ಇತ್ತೀಚೆಗೆ ಲಕ್ವಾ ಹೊಡೆದಿತ್ತೇ, ತಲೆಗೆ ಪೆಟ್ಟಾಗಿತ್ತೇ, ದೊಡ್ಡ ಆಪರೇಷನ್ ಆಗಿತ್ತೇ, ಹೊಟ್ಟೆಯೊಳಗೆ ರಕ್ತ ಹೋಗಿತ್ತೇ, ರಕ್ತ ತೆಳುವಾಗುವ ಮಾತ್ರೆ ನಡೆದಿದೆಯೇ. ಈ ಇಂಜೆಕ್ಷನ್ ಹೆಪ್ಪನ್ನು ಕರಗಿಸುವಂತೆಯೇ ಬೇರೆ ಕಡೆ ರಕ್ತಸ್ರಾವವನ್ನೂ ತರಬಲ್ಲದು. ಹಿಂದೊಮ್ಮೆ ಹೆಪ್ಪು ಕರಗಿಸಲು ಸ್ಟ್ರೆಪ್ಟೊಕೈನೇಸ್ ಎಂಬ ಔಷಧ ಕೊಟ್ಟಿದ್ದರೆ ಅದನ್ನೂ ಹೇಳಿ, ಅದೇ ಔಷಧವನ್ನು ಮತ್ತೆ ಕೊಡುವುದಿಲ್ಲ. ಶುರುವಾದ 12 ತಾಸಿನೊಳಗೆ ಕೊಡಬಹುದು ಎಂಬುದು ನಿಯಮ. ಆದರೆ ಮೊದಲ ಎರಡು–ಮೂರು ತಾಸಿನಲ್ಲಿ ಸಿಗುವ ಲಾಭ ಹತ್ತನೆಯ ತಾಸಿನಲ್ಲಿ ಸಿಗುವುದಿಲ್ಲ. ಇಂಜೆಕ್ಷನ್ ಆದ ಮೇಲೂ ಒಂದು ದಿನದೊಳಗೆ ನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. "ನೋವು ಕಡಿಮಿ ಆತು" ಎಂದು ಮನೆಗೆ ತಿರುಗಬೇಡಿ.

ದುಡ್ಡಿನ ಚಿಂತೆ ಎಲ್ಲರಿಗೂ ಇರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಜೊತೆಗೇ ಒಯ್ಯಿರಿ. ಗಡಿ ದಾಟಿ ಹೋಗುವವರು ಅಲ್ಲಿ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಡಿ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಚೀಟಿಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಎಂಬ ಸಾಲಿನಲ್ಲಿ ಒಂದು ಶೇಕಡಾವಾರು ಇರುತ್ತದೆ. ಹೃದಯದ ಎಡಕೋಣೆ ತುಂಬಿದ ರಕ್ತದಲ್ಲಿ ಎಷ್ಟನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬ ಲೆಕ್ಕ ಅದು. 55ರ ಮೇಲೆ ಇದ್ದರೆ ಚೆನ್ನ, 40ಕ್ಕಿಂತ ಕೆಳಗಾದರೆ ಶಕ್ತಿ ಕುಂದಿದೆ ಎಂದರ್ಥ. ಕಾಕಾನದು 30 ಇತ್ತು. ಮೊದಲ ವಾರದ ಅಂಕಿ ನೋಡಿ ಕುಗ್ಗಬೇಡಿ. ಬಾಡಿದ ಸಾಲಿನಲ್ಲಿ ಕೆಲವು ಗಿಡ ಚಿಗುರುವಂತೆ, ಸಾಯದೆ ಬರೀ ಮರಗಟ್ಟಿದ್ದ ಸ್ನಾಯು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಎರಡು–ಮೂರು ತಿಂಗಳಿಗೆ ಎಕೋ ಮತ್ತೆ ಮಾಡಿಸಿ. ಕಾಕಾನದು 38ಕ್ಕೆ ಏರಿತು.

ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ತೆಗೆದುಕೊಳ್ಳಬೇಕು. ಹಲ್ಲು ಕೀಳಿಸಬೇಕು, ಜಾತ್ರೆಗೆ ಹೋಗಿದ್ದೆ, ಮಾತ್ರೆ ತೀರಿತ್ತು ಎಂದು ನಡುವೆ ಬಿಟ್ಟವರು ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಮರಳಿ ಬಂದಿದ್ದಾರೆ. ಬೀಡಿ, ಸಿಗರೇಟು, ಗುಟ್ಕಾ, ಎಲೆಯಡಿಕೆ ಜೊತೆಗಿನ ತಂಬಾಕು ಎಲ್ಲವೂ ಅವತ್ತಿಗೇ ನಿಲ್ಲಬೇಕು. ರೊಟ್ಟಿ, ಪಲ್ಯ, ಕಾಳು ನಮ್ಮ ಊಟವೇ ಒಳ್ಳೆಯದು. ಕೈಬಿಡಬೇಕಾದದ್ದು ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ.

ಇವತ್ತೇ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. 108, ತಾಲ್ಲೂಕು ಆಸ್ಪತ್ರೆಯ ಫೋನು, ಊರಿನಲ್ಲಿ ರಾತ್ರಿ ಕರೆದರೂ ಬರುವ ಇಬ್ಬರು ಕಾರಿನವರ ನಂಬರು. ಮನೆಯ ಹಿರಿಯರು ತೆಗೆದುಕೊಳ್ಳುವ ಮಾತ್ರೆಗಳು, ಯಾವುದಕ್ಕೆ ಅಲರ್ಜಿ, ಹಿಂದಿನ ಆಪರೇಷನ್. ಆಸ್ಪಿರಿನ್ ಎಲ್ಲಿಟ್ಟಿದೆ. ಸಹಿ ಯಾರು ಹಾಕಬೇಕು. ಗೋಡೆಯ ಕ್ಯಾಲೆಂಡರ್ ಪಕ್ಕ ಅಂಟಿಸಿ. ಕಾಕಾನ ಮನೆಯ ಹಾಳೆಯಲ್ಲಿ ಕೊನೆಯ ಸಾಲಿಗೆ "ನೋವು ಶುರುವಾದದ್ದು" ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೇವೆ. ಪೆನ್ನು ಹುಡುಕುವ ಹೊತ್ತು ಹೋಗಬಾರದೆಂದು ಕಾಕೂ ಅದನ್ನು ದಾರ ಕಟ್ಟಿ ಅದೇ ಮೊಳೆಗೆ ತೂಗುಹಾಕಿದ್ದಾಳೆ.